ಬಾಯಿಂದ ಮಾತು ಬರದಿದ್ದರೂ ಮಗು ಹೇಳಬಲ್ಲದು

(ನಮ್ಮ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಏರ್ಪಡಿಸಿದ್ದ ಪಾಲಕರ ಸಭೆಯಲ್ಲಿ ಶುಶ್ರೂಷಾ ಶಿಕ್ಷಕಿ ಮಾಡಿದ ಭಾಷಣದ ಬರಹರೂಪ)



ನಾನು ವೈದ್ಯೆ ಅಲ್ಲ, ವಾಕ್ ಚಿಕಿತ್ಸಕಿಯೂ ಅಲ್ಲ. ನರ್ಸಿಂಗ್ ಡಿಪ್ಲೊಮಾ ಮಾಡಿ ಕೆಲವು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿ, ಈಗ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಪಾಠ ಹೇಳುವವಳು. ಹಾಗಿದ್ದೂ ಮಾತು ಬಾರದ ಮಕ್ಕಳು, ಟ್ಯಾಬ್ಲೆಟ್, ಚಿತ್ರಫಲಕ ಎಂಬ ಈ ವಿಷಯವನ್ನು ನಾನೇ ಕೇಳಿ ತೆಗೆದುಕೊಂಡೆ. ಯಾಕೆ ಎಂಬುದನ್ನು ಮೊದಲು ಹೇಳುತ್ತೇನೆ. ಅದು ನನ್ನ ತಪ್ಪಿನ ಕಥೆ.

ಡಿಪ್ಲೊಮಾ ಮುಗಿಸಿ ಎರಡನೇ ವರ್ಷ. ಆಗ ನಾನು ಬೇರೊಂದು ಆಸ್ಪತ್ರೆಯಲ್ಲಿದ್ದೆ. ಸೆರೆಬ್ರಲ್ ಪಾಲ್ಸಿ ಇದ್ದ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಜ್ವರ, ಭೇದಿಯಿಂದ ದಾಖಲಾಗಿದ್ದ. ಕೈಕಾಲು ಬಿಗಿ, ಮಾತಿಲ್ಲ. ಸಲೈನ್ ಹಾಕಿ, ಕೈ ಆಡಿಸಬಾರದೆಂದು ರಟ್ಟಿನ ಪಟ್ಟಿ ಇಟ್ಟು, ಮೇಲೆ ಬ್ಯಾಂಡೇಜ್ ಸುತ್ತಿದ್ದೆವು. ರಾತ್ರಿ ಪಾಳಿ ನನ್ನದು. ಹುಡುಗ ಅಳಲು ಶುರು ಮಾಡಿದ. ಹೊಟ್ಟೆನೋವು ಎಂದುಕೊಂಡೆ. ವೈದ್ಯರನ್ನು ಕೇಳಿ ಔಷಧಿ ಕೊಟ್ಟೆ. ನಿಲ್ಲಲಿಲ್ಲ. ಅವನ ತಾಯಿ ಹಾಡಿದರು, ಎತ್ತಿ ತಿರುಗಾಡಿಸಿದರು. ಪಕ್ಕದ ಮಂಚದವರು, "ಇಂಥಾ ಮಕ್ಕಳು ಹಿಂಗs ಅಳತಾವು ಬಿಡ್ರಿ" ಅಂದರು. ನಾನೂ ಹಾಗೇ ಅಂದುಕೊಂಡೆ. ಬೆಳಿಗ್ಗೆ ಪಾಳಿ ಬದಲಾದಾಗ ಹಿರಿಯ ಸಿಸ್ಟರ್ ಒಬ್ಬರು ಬ್ಯಾಂಡೇಜ್ ಬಿಚ್ಚಿದರು. ಸೂಜಿ ರಕ್ತನಾಳದಿಂದ ಜಾರಿ ಸಲೈನ್ ಎಲ್ಲಾ ಚರ್ಮದ ಕೆಳಗೆ ಸೇರಿತ್ತು. ಕೈ ಮೊಣಕೈ ತನಕ ಊದಿ ಬಿಗಿದಿತ್ತು.

ಆ ಕೈ ವಾಸಿಯಾಯಿತು. ಆದರೆ ನನಗೆ ಒಂದು ಸಂಗತಿ ಮರೆಯಲಾಗಿಲ್ಲ. ಇಡೀ ರಾತ್ರಿ ಆ ಹುಡುಗ ನನ್ನ ಮುಖ ನೋಡುವುದು, ಕೈ ಕಡೆ ನೋಡುವುದು, ಮತ್ತೆ ನನ್ನ ಮುಖ ನೋಡುವುದು ಮಾಡುತ್ತಿದ್ದ. ಕೈ ಇದ್ದ ಬದಿಗೆ ಕಿಟಕಿ ಇತ್ತು. ನಾನು ಕಿಟಕಿ ನೋಡುತ್ತಿದ್ದಾನೆ ಎಂದುಕೊಂಡಿದ್ದೆ. ಅವನು ಹೇಳುತ್ತಲೇ ಇದ್ದ. ಕೇಳಲು ನನಗೆ ಬರಲಿಲ್ಲ.

ಅದಾದ ಮೇಲೆ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ, ತಿಳಿದವರನ್ನು ಕೇಳಿದೆ, ಮಕ್ಕಳ ಜೊತೆ ಕೂತು ಕಲಿತೆ. ಅದರಲ್ಲಿ ನಿಮಗೆ ಉಪಯೋಗವಾಗುವಷ್ಟನ್ನು ಇಂದು ಹೇಳುತ್ತೇನೆ.

ಮಾತು ಬೇರೆ, ತಿಳಿವಳಿಕೆ ಬೇರೆ

ಮಾತಾಡಬೇಕಾದರೆ ತುಟಿ, ನಾಲಿಗೆ, ಗಂಟಲು, ಉಸಿರು ಇವೆಲ್ಲ ಒಂದೇ ಹೊತ್ತಿಗೆ ಮೆದುಳಿನ ಮಾತು ಕೇಳಬೇಕು. ಸೆರೆಬ್ರಲ್ ಪಾಲ್ಸಿಯಲ್ಲಿ ಸ್ನಾಯುಗಳು ಕೇಳುವುದಿಲ್ಲ. ಆದ್ದರಿಂದ ಮಾತು ತೊದಲುತ್ತದೆ ಇಲ್ಲವೆ ಬರುವುದೇ ಇಲ್ಲ. ಆದರೆ ಒಳಗೆ ತಿಳಿವಳಿಕೆ ಇರಬಹುದು, ಎಷ್ಟೋ ಮಕ್ಕಳಲ್ಲಿ ಚೆನ್ನಾಗಿಯೇ ಇರುತ್ತದೆ. ಆಟಿಸಂ ಇರುವ ಮಕ್ಕಳದ್ದು ಬೇರೆ ತರಹ. ಬಾಯಿ ಸರಿ ಇರುತ್ತದೆ, ಆದರೆ ಮಾತನ್ನು ಇನ್ನೊಬ್ಬರ ಜೊತೆ ಬಳಸುವುದು ಕಷ್ಟ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಮಾತು ತಡವಾಗುತ್ತದೆ, ಹೇಳಿದ್ದು ಹೊರಗಿನವರಿಗೆ ತಿಳಿಯುವುದಿಲ್ಲ.

ಊರಲ್ಲಿ ಇವರಿಗೆಲ್ಲ ಸೇರಿ ಒಂದೇ ಹೆಸರು, "ಮೂಗ". ಆ ಹೆಸರಿಟ್ಟ ಮೇಲೆ ಯಾರೂ ಅವನ ಜೊತೆ ಮಾತಾಡುವುದಿಲ್ಲ. ಅವನ ಎದುರಿಗೇ ಅವನ ಬಗ್ಗೆ ಮಾತಾಡುತ್ತಾರೆ. ದಯವಿಟ್ಟು ಮನೆಯಲ್ಲಿ ಆ ಶಬ್ದ ಬಳಸಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಮಾತು ಬರದ ಯಾವ ಮಗುವಿಗೇ ಆಗಲಿ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಚಪ್ಪಾಳೆ ಹೊಡೆದು ತಿರುಗಿ ನೋಡಿದ, ಕಿವಿ ಸರಿ ಇದೆ ಎಂದು ತೀರ್ಮಾನ ಮಾಡಬೇಡಿ. ಚಪ್ಪಾಳೆಯ ಗಾಳಿ, ನಿಮ್ಮ ನೆರಳು ಕಂಡರೂ ಮಗು ತಿರುಗುತ್ತದೆ. ಮಗು ಮಲಗಿರುವಾಗಲೇ ಯಂತ್ರದಿಂದ ಮಾಡುವ ಪರೀಕ್ಷೆಗಳಿವೆ, ಅದರಿಂದ ನೋವಿಲ್ಲ. ಕಿವಿ ಕೇಳದ ಮಗುವಿನ ಚಿಕಿತ್ಸೆಯ ದಾರಿಯೇ ಬೇರೆ, ಅಲ್ಲಿ ತಡವಾದ ಒಂದೊಂದು ತಿಂಗಳೂ ನಷ್ಟ.

"ಮಷೀನ್ ಕೊಟ್ಟರೆ ಬಾಯಿಲೆ ಮಾತಾಡೂದಿಲ್ಲ"

ಇದು ಎಲ್ಲ ತಾಯಂದಿರ ಭಯ. ಹೋದ ಸಭೆಯಲ್ಲಿ ಒಬ್ಬ ತಾಯಿ ಸಿಟ್ಟಿನಿಂದಲೇ ಕೇಳಿದರು, "ಸಿಸ್ಟರ್, ನಮ್ಮ ಹುಡುಗಗ ಬಾಯಿ ಬರ್ಲಿ ಅಂತ ನಾವು ಬೇಡ್ಕೊಳ್ಳಾಕ ಹತ್ತೇವಿ. ನೀವು ಚಿತ್ರ ಕೊಟ್ಟು ಇನ್ನs ಮೂಗನ್ನ ಮಾಡ್ತೀರೇನು?"

ಆ ತಾಯಿಯ ಪ್ರಶ್ನೆ ಸರಿಯಾದದ್ದೇ. ತಿಳಿದವರೂ ಇದನ್ನೇ ಕೇಳಿಕೊಂಡು ಪರೀಕ್ಷಿಸಿ ನೋಡಿದ್ದಾರೆ. ಅಲ್ಲಿಯತನಕ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ಅಮೆರಿಕದ ಸಂಶೋಧಕರು 2006ರಲ್ಲಿ ಒಂದು ವಿಮರ್ಶೆ ಪ್ರಕಟಿಸಿದರು. ಚಿತ್ರ, ಸನ್ನೆ ಇಂಥವನ್ನು ಕಲಿತವರ ಪೈಕಿ ಗಟ್ಟಿ ಪುರಾವೆ ಇದ್ದ 27 ಜನರಲ್ಲಿ ಒಬ್ಬರಿಗೂ ಇದ್ದ ಮಾತು ಕಡಿಮೆಯಾಗಿರಲಿಲ್ಲ. ನೂರಕ್ಕೆ 89ರಷ್ಟು ಜನರಿಗೆ ಮಾತು ಸ್ವಲ್ಪವಾದರೂ ಹೆಚ್ಚಾಗಿತ್ತು. 2014ರಲ್ಲಿ ಇನ್ನೊಂದು ಅಧ್ಯಯನ ಬಂತು. ಆಟಿಸಂ ಇದ್ದು ತೀರಾ ಕಡಿಮೆ ಮಾತಿದ್ದ, 5ರಿಂದ 8 ವರ್ಷದ 61 ಮಕ್ಕಳು ಅದರಲ್ಲಿದ್ದರು. ಬರೀ ಮಾತಿನ ತರಬೇತಿ ಪಡೆದವರಿಗಿಂತ, ತರಬೇತಿಯ ಜೊತೆಗೆ ಮೊದಲಿನಿಂದಲೇ ಧ್ವನಿ ಹೊರಡಿಸುವ ಯಂತ್ರ ಬಳಸಿದ ಮಕ್ಕಳು ತಾವಾಗಿಯೇ ಹೆಚ್ಚು ಹೇಳತೊಡಗಿದರು.

ಹಾಗೆಂದು ಎಲ್ಲ ಮಕ್ಕಳಿಗೂ ಬಾಯಿ ಬರುತ್ತದೆ ಎಂದು ನಾನು ಭರವಸೆ ಕೊಡುವುದಿಲ್ಲ. ಹಾಗೆ ಹೇಳಿ ದುಡ್ಡು ಕೀಳುವವರು ಹೊರಗೆ ಬೇಕಾದಷ್ಟು ಇದ್ದಾರೆ. ನಾನು ಹೇಳುವುದಿಷ್ಟೇ: ಚಿತ್ರ ತೋರಿಸುವುದರಿಂದ ಮಾತು ಕೆಡುವುದಿಲ್ಲ. ಬಾಯಿ ಬರಲಿ ಎಂದು ಕಾಯುತ್ತ ಐದು ವರ್ಷ ಮಗುವನ್ನು ಸುಮ್ಮನೆ ಕೂರಿಸಿದರೆ ಮಾತ್ರ ಕೆಡುತ್ತದೆ.

ಮೊದಲು ಕಾಗದ, ಆಮೇಲೆ ಟ್ಯಾಬ್ಲೆಟ್

ಸಭೆ ಮುಗಿದ ಕೂಡಲೇ ಯಾರೂ ಅಂಗಡಿಗೆ ಓಡಬೇಡಿ. ಒಂದು ಹಾಳೆ, ಮೊಬೈಲಿನಲ್ಲಿ ತೆಗೆದ ನಿಮ್ಮ ಮನೆಯದೇ ಫೋಟೋಗಳು, ಮೇಲೊಂದು ಲ್ಯಾಮಿನೇಷನ್ ಇಷ್ಟಿದ್ದರೆ ಪ್ರಾರಂಭಕ್ಕೆ ಸಾಕು. ಇಂಟರ್‌ನೆಟ್ಟಿನಿಂದ ಇಳಿಸಿದ ಸೇಬು, ಬ್ರೆಡ್ಡು, ಸ್ಯಾಂಡ್‌ವಿಚ್ಚಿನ ಚಿತ್ರ ಬೇಡ. ನಿಮ್ಮ ಮಗು ತಿನ್ನುವ ರೊಟ್ಟಿ, ಕುಡಿಯುವ ತಾಟೇ ಲೋಟ, ಹೊದೆಯುವ ಕೌದಿ ಇವುಗಳ ಫೋಟೋ ಇರಲಿ.

ಆದರೆ ಬರೀ ತಿನ್ನುವ ಸಾಮಾನಿನ ಹೆಸರು ಹಾಕಿದರೆ ಅದು ಮಾತಲ್ಲ, ಖಾನಾವಳಿಯ ಪಟ್ಟಿ. ಮಗು ದಿನವಿಡೀ ರೊಟ್ಟಿಯ ವಿಷಯವನ್ನೇ ಹೇಳಲು ಸಾಧ್ಯವೆ? ಬೇಕು, ಬ್ಯಾಡ, ಇನ್ನಷ್ಟು, ಸಾಕು, ಬಾ, ಹೋಗು, ನೋವು, ಅಲ್ಲಿ, ಯಾರು, ನನಗ – ಇಂಥ ಪದಗಳು ಎಲ್ಲ ಕಡೆಗೂ ಬರುತ್ತವೆ. "ಸಾಕು" ಎಂಬ ಒಂದು ಪದ ಊಟಕ್ಕೂ ಆದೀತು, ಸ್ನಾನಕ್ಕೂ ಆದೀತು, ಮಾವನ ತಮಾಷೆಗೂ ಆದೀತು. ಇವುಗಳಿಗೆ ಫೋಟೋ ಸಿಗುವುದಿಲ್ಲ, ಸರಳವಾದ ಗೆರೆಚಿತ್ರ ಬರೆಯಬೇಕು. ಬರೆಯಲು ಬಾರದಿದ್ದರೆ ನನ್ನ ವಿದ್ಯಾರ್ಥಿನಿಯರು ಬರೆದುಕೊಡುತ್ತಾರೆ.

ಬ್ಯಾಡ ಎಂಬುದನ್ನು ಬಿಡಬೇಡಿ. ಪಾಲಕರು ಬೇಕು ಎಂಬುದನ್ನು ಸಂತೋಷದಿಂದ ಹಾಕುತ್ತಾರೆ, ಬ್ಯಾಡ ಎಂಬುದನ್ನು ಮರೆಯುತ್ತಾರೆ. ಬ್ಯಾಡ ಎನ್ನಲು ದಾರಿ ಇಲ್ಲದ ಮಗು ಕಚ್ಚುತ್ತದೆ, ತಲೆ ಚಚ್ಚಿಕೊಳ್ಳುತ್ತದೆ, ತಟ್ಟೆ ಎಸೆಯುತ್ತದೆ. ಅದನ್ನು ಹಟ ಎನ್ನುತ್ತೇವೆ.

ಕೈಯಿಂದ ತೋರಿಸಲು ಆಗದ ಮಗುವಿಗೆ ಕಣ್ಣಿದೆ. ದೊಡ್ಡದೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕು ಮೂಲೆಗೆ ನಾಲ್ಕು ಚಿತ್ರ ಅಂಟಿಸಿ, ನಿಮ್ಮ ಮುಖಕ್ಕೂ ಮಗುವಿನ ಮುಖಕ್ಕೂ ನಡುವೆ ಹಿಡಿಯಿರಿ. ಮಗು ಯಾವ ಮೂಲೆ ನೋಡುತ್ತದೆ ಎಂಬುದು ಆಚೆ ಕಡೆಯಿಂದ ನಿಮಗೆ ಕಾಣುತ್ತದೆ. ಇಂಥದೊಂದು ಹಾಳೆ ಆ ರಾತ್ರಿ ನನ್ನ ಕೈಯಲ್ಲಿ ಇದ್ದಿದ್ದರೆ ಐದು ನಿಮಿಷದ ಕೆಲಸವಾಗಿತ್ತು.

ಟ್ಯಾಬ್ಲೆಟ್ ಏನು ಮಾಡುತ್ತದೆ

ಕಾಗದ ತೋರಿಸಿದರೆ ಎದುರಿಗೆ ಇದ್ದವರು ನೋಡಬೇಕು. ಟ್ಯಾಬ್ಲೆಟ್ ಒತ್ತಿದರೆ ಧ್ವನಿ ಬರುತ್ತದೆ. ಅಡುಗೆಮನೆಯಲ್ಲಿರುವ ಅವ್ವನನ್ನು ಪಡಸಾಲೆಯಿಂದ ಕರೆಯಬಹುದು. ತರಗತಿಯಲ್ಲಿ ಕೊನೆಯ ಬೆಂಚಿನಿಂದ ಉತ್ತರ ಹೇಳಬಹುದು. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗಿ ನೂರಾರು ಪದ ಆರಿಸಬಹುದು.

ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಹೆಸರು ಕೇಳಿರುತ್ತೀರಿ. ಅವರಿಗೆ ಇದ್ದದ್ದು ಬೇರೆ ಕಾಯಿಲೆ. 1985ರಲ್ಲಿ ನ್ಯುಮೋನಿಯಾ ಬಂದು ಉಸಿರಿಗಾಗಿ ಗಂಟಲಲ್ಲಿ ರಂಧ್ರ ಮಾಡಬೇಕಾಯಿತು, ಇದ್ದ ಅಲ್ಪಸ್ವಲ್ಪ ಮಾತೂ ಹೋಯಿತು. ಆಮೇಲೆ 2018ರಲ್ಲಿ ತೀರಿಕೊಳ್ಳುವ ತನಕ ಅವರು ಪುಸ್ತಕ ಬರೆದದ್ದು, ಭಾಷಣ ಮಾಡಿದ್ದು ಎಲ್ಲ ಕಂಪ್ಯೂಟರಿನ ಧ್ವನಿಯಿಂದ. ಮೊದಲು ಕೈಬೆರಳಿನಿಂದ, ಅದೂ ನಿಂತ ಮೇಲೆ ಕೆನ್ನೆಯ ಸ್ನಾಯುವಿನ ಅಲುಗಾಟದಿಂದ ಪದ ಆರಿಸುತ್ತಿದ್ದರು.

ಆ ಕಾಲದ ಯಂತ್ರಗಳು ಹೊರದೇಶದಿಂದ ಬರಬೇಕಿತ್ತು, ನಮ್ಮಂಥವರ ಕೈಗೆ ಎಟುಕುವ ಬೆಲೆಯಲ್ಲ. 2010ರಲ್ಲಿ ಐಪ್ಯಾಡ್ ಬಂದ ಮೇಲೆ, ಅದರ ಹಿಂದೆ ಕಡಿಮೆ ಬೆಲೆಯ ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಚೆನ್ನೈಯಲ್ಲಿ ತಯಾರಾದ ಆವಾಜ್ ಎಂಬ ಆ್ಯಪ್ ಇದೆ, ಅದಕ್ಕೆ ಹಣ ಕೊಡಬೇಕು. ಮುಂಬೈ ಐಐಟಿಯವರು ಮಾಡಿದ ಜೆಲ್ಲೋ ಉಚಿತ. ಸಿಬೋರ್ಡ್ ಎಂಬುದು ಎಲ್ಲರಿಗೂ ಮುಕ್ತವಾದ ಇನ್ನೊಂದು ಆ್ಯಪ್. ಯಾವುದು ಒಳ್ಳೆಯದು ಎಂದು ಕೇಳಿದರೆ, ನಿಮ್ಮ ಮಗುವಿನ ಕೈಗೆ, ಕಣ್ಣಿಗೆ, ತಿಳಿವಳಿಕೆಗೆ ಹೊಂದುವುದೇ ಒಳ್ಳೆಯದು. ಅದನ್ನು ವಾಕ್ ಚಿಕಿತ್ಸಕರು ಪರೀಕ್ಷಿಸಿ ಹೇಳಬೇಕು. ದುಡ್ಡು ಕೊಡುವ ಮೊದಲು ಉಚಿತವಾದದ್ದನ್ನು ಒಂದೆರಡು ತಿಂಗಳು ಬಳಸಿ ನೋಡಿ.

ಕನ್ನಡದ ವಿಷಯದಲ್ಲಿ ಎರಡು ತೊಡಕುಗಳನ್ನು ಹೇಳಲೇಬೇಕು. ಹಲವು ಆ್ಯಪ್‌ಗಳ ಚಿತ್ರದ ಸಾಲು ಇಂಗ್ಲಿಷಿನ ಕ್ರಮದಲ್ಲಿ ಇರುತ್ತದೆ. ನಾನು, ಬೇಕು, ನೀರು. ನಾವು ಹಾಗೆ ಹೇಳುತ್ತೇವೆಯೇ? "ನನಗ ನೀರು ಬೇಕು" ಎನ್ನುತ್ತೇವೆ, ಬೇಕು ಕೊನೆಗೆ ಬರುತ್ತದೆ. ಆದ್ದರಿಂದ ಬೇಕು, ಬ್ಯಾಡ, ಕೊಡು ಇವನ್ನು ಬಲಗಡೆಗೆ ಸರಿಸಿಕೊಳ್ಳಿ, "ನಾನು" ಪಕ್ಕದಲ್ಲಿ "ನನಗ" ಎಂಬುದನ್ನೂ ಸೇರಿಸಿ. ಚಿತ್ರಗಳ ಜಾಗ ಬದಲಿಸಲು ಹಲವು ಆ್ಯಪ್‌ಗಳಲ್ಲಿ ಅವಕಾಶವಿದೆ. ಒಮ್ಮೆ ಜಾಗ ಗೊತ್ತು ಮಾಡಿದ ಮೇಲೆ ಮಾತ್ರ ಮತ್ತೆ ಮತ್ತೆ ಬದಲಿಸಬೇಡಿ. ನಿಮ್ಮ ಅಡುಗೆಮನೆಯ ಡಬ್ಬಿಗಳನ್ನು ಯಾರೋ ದಿನಾ ಸ್ಥಳ ಬದಲಿಸಿದರೆ ಹೇಗೆ?

ಎರಡನೆಯದು ಧ್ವನಿ. ಯಂತ್ರದ ಧ್ವನಿ ಪುಸ್ತಕದ ಕನ್ನಡ ಹೇಳುತ್ತದೆ. "ನನಗೆ ಬೇಡ" ಎಂದು ದೊಡ್ಡ ಹೆಂಗಸಿನ ಗಂಟಲಿನಲ್ಲಿ. ಮನೆಯಲ್ಲಿ ಮಗು ಕೇಳಿದ್ದು "ನನಗ ಬ್ಯಾಡ". ಒಬ್ಬ ಹುಡುಗಿ ಯಂತ್ರ ಒತ್ತಿ ಒತ್ತಿ ನಗುತ್ತಿದ್ದಳು, ಬಳಸುತ್ತಿರಲಿಲ್ಲ. ಅವಳ ಮಟ್ಟಿಗೆ ಅದು ರೇಡಿಯೋ. ಆಮೇಲೆ ಓಣಿಯ ಅದೇ ವಯಸ್ಸಿನ ಗೆಳತಿಯನ್ನು ಕರೆಸಿ ಮುಖ್ಯವಾದ ನಲವತ್ತು ಪದಗಳನ್ನು ಅವಳ ಧ್ವನಿಯಲ್ಲಿ ರೆಕಾರ್ಡ್ ಮಾಡಿಸಿದೆವು. ವಾರದೊಳಗೆ ಬಳಸತೊಡಗಿದಳು. ಆದ್ದರಿಂದ ರೆಕಾರ್ಡ್ ಮಾಡುವ ಸೌಲಭ್ಯ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಗಂಡುಮಗುವಿಗೆ ಗಂಡುಮಗುವಿನ ಧ್ವನಿ ಇರಲಿ.

ಕೂರಿಸುವುದು, ಹಿಡಿಸುವುದು

ಮಗು ಜೋತು ಬಿದ್ದು ಕೂತಿದ್ದರೆ ಯಾವ ಆ್ಯಪ್ ಕೂಡ ಕೆಲಸಕ್ಕೆ ಬರದು. ಬೆನ್ನಿಗೆ ಆಧಾರ, ಪಾದ ಊರಲು ಮಣೆ, ಎದುರಿಗೆ ಮೊಣಕೈ ಇಡಲು ಜಾಗ ಬೇಕು. ಟ್ಯಾಬ್ಲೆಟ್ಟನ್ನು ಚಪ್ಪಟೆಯಾಗಿ ಮಲಗಿಸಿದರೆ ತಲೆ ಬಾಗಿ ಕುತ್ತಿಗೆ ನೋಯುತ್ತದೆ. ಪೇಟೆಯಲ್ಲಿ ಅದಕ್ಕೆ ದುಬಾರಿ ಸ್ಟ್ಯಾಂಡ್ ಸಿಗುತ್ತದೆ. ಒಬ್ಬ ಅಜ್ಜಾರು ಪುರಾಣ ಓದಲು ಬಳಸುತ್ತಿದ್ದ ವ್ಯಾಸಪೀಠವನ್ನೇ ಮೊಮ್ಮಗನಿಗೆ ಕೊಟ್ಟಿದ್ದರು. ಓರೆ ಸರಿಯಾಗಿತ್ತು, ಗಟ್ಟಿಯಾಗಿತ್ತು, ನನಗೆ ಬಹಳ ಸಂತೋಷವಾಯಿತು.

ಕೈ ನಡುಗುವ ಮಕ್ಕಳು ಒಂದು ಒತ್ತಲು ಹೋಗಿ ನಾಲ್ಕು ಒತ್ತುತ್ತಾರೆ. ಒಂದು ಪರದೆಗೆ ನಾಲ್ಕೇ ದೊಡ್ಡ ಚಿತ್ರ ಇಡಿ. ಸೆಟ್ಟಿಂಗ್‌ನಲ್ಲಿ, ಸ್ವಲ್ಪ ಹೊತ್ತು ಬೆರಳಿಟ್ಟರೆ ಮಾತ್ರ ಒತ್ತಿದಂತೆ ಎಣಿಸುವ ಅನುಕೂಲವಿದೆ, ಅದನ್ನು ಹಾಕಿಕೊಳ್ಳಿ. ಚಿತ್ರದ ಜಾಗಕ್ಕೆ ಸರಿಯಾಗಿ ತೂತು ಕೊರೆದ ಗಟ್ಟಿ ಪ್ಲಾಸ್ಟಿಕ್ ಹಲಗೆಯನ್ನು ಪರದೆಯ ಮೇಲೆ ಕೂರಿಸಿದರೆ ಬೆರಳು ಜಾರುವುದಿಲ್ಲ. ಒಂದೇ ಆ್ಯಪ್ ಬಿಟ್ಟು ಹೊರಗೆ ಹೋಗದಂತೆ ಪರದೆ ಬಂಧಿಸುವ ಸೌಲಭ್ಯವೂ ಆಂಡ್ರಾಯ್ಡ್, ಐಪ್ಯಾಡ್ ಎರಡರಲ್ಲೂ ಇದೆ. ಜೊಲ್ಲು ಸುರಿಯುವ ಮಕ್ಕಳಿದ್ದರೆ ತೆಳುವಾದ ಪಾರದರ್ಶಕ ಚೀಲದೊಳಗೆ ಹಾಕಿ ಕೊಡಿ, ಬೆರಳಿನ ಸ್ಪರ್ಶ ತಗಲುತ್ತದೆ.

ಕರೆಂಟು ಹೋಗುತ್ತದೆ, ಚಾರ್ಜ್ ಮುಗಿಯುತ್ತದೆ, ಯಂತ್ರ ಕೆಳಗೆ ಬೀಳುತ್ತದೆ. ಮೊದಲ ಪುಟದ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ ಯಾವಾಗಲೂ ಮಗುವಿನ ಚೀಲದಲ್ಲಿಡಿ.

ಕಲಿಸುವ ರೀತಿ

ಹೆಚ್ಚಿನ ಮನೆಗಳಲ್ಲಿ ಯಂತ್ರ ಕೊಟ್ಟು, "ಇದೇನು ಒತ್ತು, ಅದೇನು ಒತ್ತು" ಎಂದು ಪರೀಕ್ಷೆ ಮಾಡಲು ಶುರು ಮಾಡುತ್ತಾರೆ. ಬಂದ ನೆಂಟರ ಮುಂದೆಯೂ ಪರೀಕ್ಷೆ. ಮಗು ಎರಡೇ ದಿನಕ್ಕೆ ಬೇಸತ್ತು ದೂಡುತ್ತದೆ. ಮಾತು ಬರುವ ಮಗುವಿಗೆ ನೀವು ಹೇಗೆ ಕಲಿಸಿದಿರಿ? ಒಂದು ವರ್ಷ ಬರೀ ನೀವೇ ಮಾತಾಡಿದಿರಿ, ಅದು ಕೇಳಿತು. ಇಲ್ಲಿಯೂ ಹಾಗೆಯೇ. ನೀವು ಬಾಯಿಂದ "ಅಪ್ಪ ಹೊಲಕ್ಕ ಹೋದ" ಎನ್ನುತ್ತ ಅಪ್ಪ, ಹೋಗು ಎಂಬ ಎರಡು ಚಿತ್ರ ಒತ್ತಿ ತೋರಿಸಿ. ಅದು ಒತ್ತಲೇಬೇಕು ಎಂಬ ಒತ್ತಾಯ ಬೇಡ. ಕೆಲವು ಮಕ್ಕಳು ವಾರದಲ್ಲಿ ಶುರು ಮಾಡುತ್ತಾರೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕು.

ಮತ್ತೆ, ಕಾಯಬೇಕು. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತರ ತನಕ ಎಣಿಸಿ. ಬಿಗಿಯಾದ ಕೈಯನ್ನು ಎತ್ತಿ ಚಿತ್ರದ ತನಕ ತರಲು ಮಗುವಿಗೆ ಅಷ್ಟು ಹೊತ್ತು ಬೇಕು. ನಾವು ಎರಡು ಎಣಿಸುವಷ್ಟರಲ್ಲಿ ನಾವೇ ಉತ್ತರ ಹೇಳಿಬಿಡುತ್ತೇವೆ. ನಾನು ಈಗಲೂ ಈ ತಪ್ಪು ಮಾಡುತ್ತೇನೆ.

ಇನ್ನು ಯೂಟ್ಯೂಬ್. ಮಗು ಅಳುತ್ತದೆಂದು ಅದೇ ಟ್ಯಾಬ್ಲೆಟ್ಟಿನಲ್ಲಿ ಕಾರ್ಟೂನ್ ಹಾಕಿದರೆ, ಮರುದಿನದಿಂದ ಅದು ಮಾತಿನ ಸಾಧನವಲ್ಲ, ಟಿ.ವಿ. ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ, ಎರಡು ವರ್ಷ ತುಂಬದ ಮಕ್ಕಳು ಕೂತು ಪರದೆ ನೋಡುವುದೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಆ ಮಾತು ಸುಮ್ಮನೆ ನೋಡುತ್ತ ಕೂರುವುದಕ್ಕೆ. ಮಾತಾಡಲು ಬಳಸುವ ಯಂತ್ರಕ್ಕೆ ಗಂಟೆಯ ಲೆಕ್ಕ ಹಾಕಬಾರದು. ತಪ್ಪು ಮಾಡಿದ ಮಗುವಿನಿಂದ ಅದನ್ನು ಕಿತ್ತು ಕಪಾಟಿನಲ್ಲಿಡುವುದೂ ಬೇಡ. ಮಾತು ಬರುವ ಮಗು ತಂಟೆ ಮಾಡಿತೆಂದು ಸಂಜೆಯ ತನಕ ಬಾಯಿಗೆ ಬಟ್ಟೆ ಕಟ್ಟುತ್ತೇವೆಯೇ?

ಶಾಲೆಯಲ್ಲಿ

ನನಗೆ ಗೊತ್ತಿರುವ ಒಬ್ಬ ಹುಡುಗಿ ನಾಲ್ಕನೇ ತರಗತಿಯಲ್ಲಿದ್ದಳು. ಮನೆಯಲ್ಲಿ ಟ್ಯಾಬ್ಲೆಟ್‌ನಿಂದ ಚೆನ್ನಾಗಿ ಹೇಳುತ್ತಿದ್ದಳು. ಶಾಲೆಯಲ್ಲಿ ಮೊಬೈಲ್ ತರಬಾರದೆಂಬ ನಿಯಮ. ಆ ನಿಯಮದ ಪ್ರಕಾರ ಅವಳ ಟ್ಯಾಬ್ಲೆಟ್ ಬೆಳಿಗ್ಗೆ ಬೀರು ಸೇರುತ್ತಿತ್ತು, ಸಂಜೆ ಹೊರಗೆ ಬರುತ್ತಿತ್ತು. ಯಾರದ್ದೂ ಕೆಟ್ಟ ಮನಸ್ಸಲ್ಲ, ಒಡೆದರೆ ಯಾರು ಜವಾಬ್ದಾರರು ಎಂಬ ಭಯ. ಎರಡು ತಿಂಗಳು ಹೀಗೇ ನಡೆಯಿತು. ತಂದೆ ಹೋಗಿ ಜಗಳವಾಡಿ ಬಂದರು, ಪ್ರಯೋಜನವಾಗಲಿಲ್ಲ. ಆಮೇಲೆ ನಾವು ವೈದ್ಯರಿಂದ ಒಂದು ಪತ್ರ ಬರೆಸಿದೆವು: ಈ ಸಾಧನ ಈ ಮಗುವಿಗೆ ಕನ್ನಡಕ, ಶ್ರವಣಯಂತ್ರ ಇದ್ದ ಹಾಗೆ. ತಾಯಿ ಒಂದು ದಿನ ತರಗತಿಯಲ್ಲೇ ಕೂತು ಶಿಕ್ಷಕಿಗೆ ಬಳಸುವುದನ್ನು ತೋರಿಸಿದರು. ಅಂದು ಮಗ್ಗಿ ಕೇಳುವಾಗ ಏಳರ ಮಗ್ಗಿಯನ್ನು ಹುಡುಗಿ ಸಂಖ್ಯೆ ಒತ್ತಿ ಒತ್ತಿ ಪೂರ್ತಿ ಹೇಳಿದಳಂತೆ. "ಇವಳಿಗೆ ಮಗ್ಗಿ ಬರ್ತೈತಿ ಅಂತ ನನಗ ಗೊತ್ತs ಇರಲಿಲ್ಲ" ಎಂದು ಶಿಕ್ಷಕಿ ಹೇಳಿದರು. ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಶಿಕ್ಷಕಿ ವರ್ಗವಾದಾಗ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಕಾನೂನು ನಿಮ್ಮ ಕಡೆಗಿದೆ, ಅದನ್ನು ತಿಳಿದುಕೊಂಡು ಹೋಗಿ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಆಯಿತು. ಶೇಕಡಾ 40 ಅಥವಾ ಹೆಚ್ಚು ನ್ಯೂನತೆ ಇರುವ ಮಗುವಿಗೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕು ಅದರಲ್ಲಿದೆ. ಅಂಥ ವಿದ್ಯಾರ್ಥಿಗಳಿಗೆ 18 ವರ್ಷದ ತನಕ ಪುಸ್ತಕ, ಕಲಿಕೆಯ ಸಾಮಗ್ರಿ, ತಕ್ಕ ಸಹಾಯಕ ಸಾಧನಗಳನ್ನು ಉಚಿತವಾಗಿ ಕೊಡುವ ಕ್ರಮ ಕೈಗೊಳ್ಳಬೇಕು ಎಂದು 17ನೇ ಕಲಂ ಹೇಳುತ್ತದೆ. ಮಾತಿನ ತೊಂದರೆ ಇರುವವರಿಗೆ ಮಾತಿಗೆ ಬದಲಿಯಾದ ವಿಧಾನಗಳ ಬಳಕೆಯನ್ನು ಪ್ರೋತ್ಸಾಹಿಸಬೇಕು ಎಂದೂ ಅದೇ ಕಲಂನಲ್ಲಿದೆ. ಕಾಯ್ದೆಯಲ್ಲಿ ಇದ್ದದ್ದೆಲ್ಲ ಕೇಳಿದ ಕೂಡಲೇ ಕೈಗೆ ಬರುವುದಿಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಅರ್ಜಿ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗಾಗಿ ಬಿಐಇಆರ್‌ಟಿ ಎಂದು ಕರೆಯುವ ಶಿಕ್ಷಕರಿರುತ್ತಾರೆ. ಅವರನ್ನು ಕಂಡು ಮಾತಾಡಿ.

ಕಣ್ಣು, ಕಿವಿಯ ತೊಂದರೆ ಇರುವ ಮಕ್ಕಳ ಪಾಲಕರೂ ಇಲ್ಲಿದ್ದೀರಿ, ಅದಕ್ಕೆ ಬೇರೆ ಸಭೆ ಇಡುತ್ತೇವೆ. ಇಷ್ಟು ಮಾತ್ರ ಹೇಳುತ್ತೇನೆ. ಆಂಡ್ರಾಯ್ಡ್ ಫೋನಿನಲ್ಲೇ ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಇದೆ, ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. ಅಂಧರು, ಮುದ್ರಿತ ಪುಸ್ತಕ ಓದಲಾಗದವರು ಬಳಸಲೆಂದು 2016ರಲ್ಲಿ ಪ್ರಾರಂಭವಾದ ಸುಗಮ್ಯ ಪುಸ್ತಕಾಲಯ ಎಂಬ ಅಂತರ್ಜಾಲ ಗ್ರಂಥಾಲಯವಿದೆ. ಕಿವಿ ಕೇಳದ ಮಗುವಿಗೆ ಯಾವ ಆ್ಯಪ್ ಕೊಟ್ಟರೂ ಸನ್ನೆ ಭಾಷೆಯನ್ನು ನಿರ್ಲಕ್ಷಿಸಬೇಡಿ, ಅದೂ ಪೂರ್ಣ ಭಾಷೆಯೇ.

ನೋವು, ಮತ್ತೆ ಹೇಳಲಾಗದ ಇನ್ನೊಂದು ಮಾತು

ಚಿತ್ರಫಲಕದಲ್ಲಿ, ಟ್ಯಾಬ್ಲೆಟ್ಟಿನಲ್ಲಿ ಒಂದು ಇಡೀ ಪುಟ ದೇಹಕ್ಕೆ ಇರಲಿ. ಮುಂದಿನಿಂದ ಒಂದು, ಹಿಂದಿನಿಂದ ಒಂದು ದೇಹದ ಚಿತ್ರ. ಪಕ್ಕದಲ್ಲಿ ನೋವು, ಉರಿ, ತುರಿಕೆ, ವಾಂತಿ, ತಲೆಸುತ್ತು. ನೋವು ಸ್ವಲ್ಪವೋ ಬಹಳವೋ ಎಂದು ತೋರಿಸಲು ಮುಖದ ಚಿತ್ರಗಳು. ಮಗು ಆರಾಮಾಗಿ ಇರುವಾಗಲೇ ಇದನ್ನು ಆಟದ ರೀತಿ ಕಲಿಸಬೇಕು. ಜ್ವರದಲ್ಲಿ ಕಲಿಸಲು ಆಗುವುದಿಲ್ಲ. ಆಸ್ಪತ್ರೆಗೆ ಬರುವಾಗ ಫಲಕವನ್ನು ಮನೆಯಲ್ಲಿ ಬಿಟ್ಟು ಬರಬೇಡಿ, ಬಹಳ ಜನ ಔಷಧಿ ಚೀಟಿ ತರುತ್ತಾರೆ, ಅದನ್ನು ಮರೆಯುತ್ತಾರೆ.

ದೇಹದ ಚಿತ್ರದಲ್ಲಿ ಎಲ್ಲ ಅಂಗಗಳೂ ಇರಲಿ. ಗುಪ್ತಾಂಗವೂ ಇರಲಿ. "ಹೊಡೆದರು", "ಮುಟ್ಟಬ್ಯಾಡ", "ಹೆದರಿಕೆ ಆಗ್ತೈತಿ" ಎಂಬ ಪದಗಳೂ, ಮನೆಗೆ ಬಂದು ಹೋಗುವ ಎಲ್ಲರ ಫೋಟೋಗಳೂ ಇರಲಿ. ಯಾಕೆ ಎಂಬುದನ್ನು ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೇಳಲಾಗದ ಮಗು ಎಂದು ಗೊತ್ತಾದರೆ ಕೆಟ್ಟವರಿಗೆ ಧೈರ್ಯ ಬರುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೋ ಕಾಯ್ದೆಯಲ್ಲಿ, ವಿಕಲಚೇತನ ಮಗುವಿನ ಹೇಳಿಕೆ ಪಡೆಯುವಾಗ ಅದು ತಿಳಿಸುವ ರೀತಿಯನ್ನು ಬಲ್ಲವರ ನೆರವು ತೆಗೆದುಕೊಳ್ಳಲು ಅವಕಾಶವಿದೆ. ಅಂದರೆ ಬಾಯಿ ಬಾರದ ಮಗುವಿನ ಮಾತನ್ನೂ ಕಾನೂನು ಕೇಳುತ್ತದೆ. ಸಂಶಯ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಇಲ್ಲವೆ ನೇರವಾಗಿ ನಮ್ಮ ಹತ್ತಿರ ಬನ್ನಿ. ಮನೆತನದ ಮರ್ಯಾದೆ ಎಂದು ಸುಮ್ಮನಿರಬೇಡಿ.

ಒಂದು ಚಿಕ್ಕ ಪ್ರಸಂಗ ಹೇಳುತ್ತೇನೆ. ಫಲಕ ಬಳಸಲು ಕಲಿತ ಒಬ್ಬ ಹುಡುಗ ವಾರ್ಡಿಗೆ ಬಂದಿದ್ದ. ಇಂಜೆಕ್ಷನ್ ಟ್ರೇ ಹಿಡಿದು ನನ್ನ ವಿದ್ಯಾರ್ಥಿನಿ ಹೋದಳು. ಹುಡುಗ ಫಲಕದ ಮೇಲೆ ಬ್ಯಾಡ ಎಂಬುದನ್ನು ಮೂರು ಸಲ ಗುದ್ದಿದ. ಅವಳು ಗಾಬರಿಯಾಗಿ ನನ್ನ ಹತ್ತಿರ ಬಂದು, "ಮೇಡಂ, ಬ್ಯಾಡ ಅಂದ, ಈಗೇನು ಮಾಡಲಿ?" ಎಂದಳು. ನಾವೇ ಕಲಿಸಿದ ಪದ, ಈಗ ಕೇಳದಿದ್ದರೆ ಹೇಗೆ? ಔಷಧಿ ಬಿಡುವಂತೆಯೂ ಇಲ್ಲ. ಅವನ ಹತ್ತಿರ ಕೂತು, "ಬ್ಯಾಡ ಅಂದಿ, ನನಗ ತಿಳೀತು. ಚುಚ್ಚಿದರ ನೋವಾಗ್ತೈತಿ ಖರೆ. ಆದ್ರ ಜ್ವರ ಇಳೀಬೇಕಂದ್ರ ಹಾಕಾಕs ಬೇಕು. ಯಾವ ಕಡೆ ಹಾಕಲಿ, ನೀನs ಹೇಳು" ಎಂದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಎಡತೊಡೆ ಕಡೆ ನೋಡಿದ. ಹಾಕಿಸಿಕೊಂಡು ಅತ್ತ. ಅತ್ತ ಮೇಲೆ "ಸಾಕು, ಹೋಗು" ಎಂದು ಎರಡು ಚಿತ್ರ ತೋರಿಸಿ ನಮ್ಮಿಬ್ಬರನ್ನೂ ಕಳಿಸಿದ.

ಎಲ್ಲಿಗೆ ಹೋಗಬೇಕು

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು, ಕಿವಿ ಎರಡರ ಪರೀಕ್ಷೆಗೂ ನಮ್ಮ ರಾಜ್ಯದಲ್ಲಿ ಅದೇ ದೊಡ್ಡ ಕೇಂದ್ರ. ದೂರ ಎಂದು ಗೊತ್ತು, ಆದರೆ ಒಮ್ಮೆ ಹೋಗಿ ಪೂರ್ಣ ಪರೀಕ್ಷೆ ಮಾಡಿಸಿಕೊಂಡು ಬಂದರೆ ಮುಂದಿನದನ್ನು ಇಲ್ಲಿ ನಡೆಸಬಹುದು. ಜಿಲ್ಲಾ ಮಟ್ಟದಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಗಳಿವೆ; ಅಂಗನವಾಡಿಗೆ, ಶಾಲೆಗೆ ಬರುವ ಆ ಕಾರ್ಯಕ್ರಮದ ವೈದ್ಯರಿಗೆ ಮಗುವನ್ನು ತೋರಿಸಿ. ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಮಿಕ್ಕ ಸೌಲಭ್ಯಗಳೆಲ್ಲ ಅದನ್ನೇ ಕೇಳುತ್ತವೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ನ್ಯೂನತೆ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಎಂಬ ಒಂದು ಲಕ್ಷ ರೂಪಾಯಿ ತನಕದ ಆರೋಗ್ಯ ವಿಮೆ ಇದೆ, ಅದರ ಬಗ್ಗೆ ನಮ್ಮ ಕೌಂಟರಿನಲ್ಲಿ ವಿಚಾರಿಸಿ.

ಅಲ್ಲಿ ಹಿಂದೆ ಕೂತಿರುವ ಅಜ್ಜಿ ಆಗಿನಿಂದ ಕೈ ಎತ್ತುತ್ತಿದ್ದಾರೆ. ಹೇಳ್ರಿ ಆಯಿ. "ಅದರಾಗ ನನ್ನ ಹೆಸರೂ ಹಾಕಾಕ ಬರ್ತೈತೇನವ್ವಾ?" ಎಂದು ಕೇಳುತ್ತಿದ್ದಾರೆ. ಬರುತ್ತದೆ ಆಯಿ. ಇಲ್ಲೇ ಮುಂದೆ ಬನ್ನಿ, ಫೋಟೋ ತೆಗೆಯೋಣ. ಮೊಮ್ಮಗಳು ನಿಮ್ಮನ್ನು ಏನೆಂದು ಕರೆಯಬೇಕು, ನೀವೇ ಹೇಳಿ, ರೆಕಾರ್ಡ್ ಮಾಡಿಕೊಳ್ಳುತ್ತೇವೆ.

ಉಳಿದವರು ಮುಂದಿನ ಸಭೆಗೆ ಬರುವಾಗ ಮಗುವಿನ ಹಳೆಯ ಚೀಟಿಗಳು, ಕಿವಿ ಪರೀಕ್ಷೆಯ ವರದಿ, ಮನೆಯವರ ಮತ್ತು ಮನೆಯ ಸಾಮಾನುಗಳ ಫೋಟೋ ಇರುವ ಮೊಬೈಲ್ ತನ್ನಿ. ಲ್ಯಾಮಿನೇಷನ್ ಖರ್ಚು ಆಸ್ಪತ್ರೆಯದು. ಈಗ ದಾಸೋಹದಲ್ಲಿ ಪ್ರಸಾದದ ವೇಳೆಯಾಗಿದೆ, ಮಕ್ಕಳಿಗೆ ಮೆತ್ತಗೆ ಮಾಡಿದ ಅನ್ನ ಬೇರೆ ಇದೆ. ಉಣಿಸುವಾಗ ತಲೆ ಹಿಂದಕ್ಕೆ ಬಾಗಿಸಬೇಡಿ, ನೆಟ್ಟಗೆ ಕೂರಿಸಿ ಉಣಿಸಿ.